ಅಯ್ಯಾರ ಪಾಲು

ನೀಲಪ್ಪನ ಹೆಂಡತಿ ತಂಗೆವ್ವ ಚೊಚ್ಚಲ ಹೆರಿಗೆಗೆಂದು ನೇಸರಗಿಯ ತವರಿಗೆ ಹೋಗುವಾಗ ಒಂದು ಬುಟ್ಟಿ ಖಡಕ್ ರೊಟ್ಟಿ, ಒಂದು ಗಡಿಗೆ ಖಾರಪುಡಿ, ಒಂದು ಮಾತು ಬಿಟ್ಟು ಹೋಗಿದ್ದಳು. ರೊಟ್ಟಿಯನ್ನು ಮುರಿದು ತಿನ್ನಬಹುದಿತ್ತು, ಖಾರವನ್ನು ಎಣ್ಣೆಯಲ್ಲಿ ಕಲಸಬಹುದಿತ್ತು. ಮಾತೇ ಕಷ್ಟದ್ದಾಗಿತ್ತು.

“ಒಬ್ಬಾಂವಗ ಅಂತ ಅಳದು ಅಡಿಗಿ ಮಾಡಬ್ಯಾಡ್ರಿ,” ಎಂದಿದ್ದಳು. “ಅಯ್ಯಾರ ಪಾಲು ಮೊದಲ ತಗೀರಿ. ಆಮ್ಯಾಲ ನೀವು ಉಣ್ರಿ.”

ನೀಲಪ್ಪ ಬೈಲಹೊಂಗಲ ಪೇಟೆಯಲ್ಲಿ ಹತ್ತಿ ದಲಾಲಿಯ ಅಡತಿ ಅಂಗಡಿಯೊಂದರಲ್ಲಿ ತೂಕ ಮಾಡುವವನು. ಹತ್ತಿ ತುಂಬಿದ ಅಂಡಿಗೆಯನ್ನು ಒಮ್ಮೆ ಕಣ್ಣಿಂದ ನೋಡಿದರೆ ಸಾಕು, ಎಷ್ಟು ತೂಗುತ್ತದೆಂದು ಹೇಳಿಬಿಡುತ್ತಿದ್ದ. ಆದರೆ ಒಂದು ಚಿಟಿಕೆ ಉಪ್ಪಿನ ಮುಂದೆ ಆ ಕಣ್ಣು ಸೋತು ಕೂತಿತ್ತು.

ಆ ವಾರ ಸಂತೆಗೆ ಬದನೆಕಾಯಿ ರಾಶಿ ರಾಶಿ ಬಂದಿತ್ತು. ಓಣಿಯ ಎಲ್ಲ ಮನೆಗಳಲ್ಲೂ ಅದೇ ಪಲ್ಯ. ನೀಲಪ್ಪನೂ ಅದನ್ನೇ ಒಲೆಗಿಟ್ಟ. ಹೊರಗೆ ಯಾರೋ ಕರೆದರೆಂದು ಹೋಗಿ ಬರುವಷ್ಟರಲ್ಲಿ ತಳ ಸೀದಿತ್ತು. ನೀರು ಸುರಿದ. ಉಪ್ಪು ಹಾಕಿದ, ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಮ್ಮೆ ಹಾಕಿದ. ಅಷ್ಟರಲ್ಲಿ ಬಾಗಿಲಲ್ಲಿ ಗಂಟೆ ನುಡಿಯಿತು.

ಭಿಕ್ಷೆಗೆ ಬಂದವರು ಊರಂಚಿನ ಸಣ್ಣ ಮಠದ ಜಂಗಮರು, ಗುರುಪಾದಯ್ಯನವರು. ಬೇರೆ ಮನೆಗಳಲ್ಲಿ ಬರೀ ಹಿಟ್ಟು ನೀಡಿಸಿಕೊಳ್ಳುತ್ತಿದ್ದ ಅವರು, ತಂಗೆವ್ವನ ಭಕ್ತಿಗೆ ಮೆಚ್ಚಿ ಈ ಮನೆಯಲ್ಲಿ ಮಾತ್ರ ಬೇಯಿಸಿದ್ದನ್ನು ತೆಗೆದುಕೊಳ್ಳುತ್ತಿದ್ದರು. ನೀಲಪ್ಪ ಅವರ ತಾಮ್ರದ ಬಟ್ಟಲಿನ ತುಂಬ ಪಲ್ಯ ನೀಡಿದ. ಅಯ್ಯನವರು ಅದನ್ನು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿ, ಹುಟ್ಟುವ ಕೂಸಿಗೆ ಒಳ್ಳೆಯದಾಗಲೆಂದು ಹರಸಿ ನಡೆದರು.

ಇನ್ನು ತನ್ನ ಪಾಲು. ನೀಲಪ್ಪ ಪಾತ್ರೆಯ ತಳಕ್ಕೆ ಸೌಟು ಹಾಕಿದ. ಉದ್ದನೆಯದೊಂದು ಮೇಲೆ ಬಂತು. ಬದನೆಯ ತೊಟ್ಟೆಂದು ಬೆರಳಲ್ಲಿ ಎತ್ತಿದ. ತೊಟ್ಟಿಗೆ ನಾಲ್ಕು ಕಾಲಿದ್ದವು.

ಹಲ್ಲಿ. ಬೆಂದ ಹಲ್ಲಿ.

ತಾನು ಇನ್ನೂ ಒಂದು ತುತ್ತನ್ನೂ ಬಾಯಿಗಿಟ್ಟಿಲ್ಲವಲ್ಲ ಎಂದು ಶಿವನಿಗೆ ಕೈ ಮುಗಿಯಲು ಹೋದವನ ಕಿವಿಗೆ, ದೂರದ ಓಣಿಯಲ್ಲಿ ಕ್ಷೀಣವಾಗುತ್ತಿದ್ದ ಗಂಟೆಯ ಸದ್ದು ಬಿತ್ತು. ಮುಗಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಜಂಗಮನಿಗೆ ವಿಷವಿಟ್ಟವರ ಗತಿಯನ್ನು ಅವನು ಚಿಕ್ಕಂದಿನಿಂದ ಪುರಾಣದಲ್ಲಿ ಕೇಳಿ ಬಲ್ಲ. ಪುರಾಣ ಹೇಳುವ ಶಾಸ್ತ್ರಿಗಳು ನರಕದ ಕಾದ ಎಣ್ಣೆಯ ಕೊಪ್ಪರಿಗೆಯನ್ನು ಎಷ್ಟು ರುಚಿಯಾಗಿ ವರ್ಣಿಸುತ್ತಿದ್ದರೆಂದರೆ ಕೇಳುವವರ ಬಾಯಲ್ಲಿ ನೀರೂರುತ್ತಿತ್ತು. ತನ್ನದು ಹೋಗಲಿ, ಇನ್ನೂ ಕಣ್ಣು ಬಿಡದ ಕೂಸಿಗೆ ಆ ಪಾಪ ತಟ್ಟಿದರೆ? ಹರಸಿ ಹೋದ ಬಾಯಿಯೇ ಸಂಜೆಯೊಳಗೆ ಮುಚ್ಚಿಕೊಂಡರೆ?

ಪಾತ್ರೆಗೆ ಮುಚ್ಚಳ ಮುಚ್ಚಿ, ಅದರ ಮೇಲೊಂದು ಕಲ್ಲಿಟ್ಟು, ಪಕ್ಕದ ಮನೆಯ ಮಾಯವ್ವನ ಬಳಿಗೆ ಹೋದ. ಆ ಓಣಿಗೆ ವೈದ್ಯೆಯೂ ಅವಳೇ, ನ್ಯಾಯ ಹೇಳುವವಳೂ ಅವಳೇ. ನಿಜ ಹೇಳುವ ಧೈರ್ಯವಾಗಲಿಲ್ಲ. ಪೇಟೆಯ ಹಮಾಲನೊಬ್ಬ ಹಲ್ಲಿ ಬಿದ್ದ ಪಲ್ಯ ಉಂಡಿದ್ದಾನೆ, ಪಾಪ, ಏನು ಮಾಡಬೇಕು ಎಂದು ಕೇಳಿದ. ಮಾಯವ್ವ ಹುರುಪಿನಿಂದ ಎದ್ದಳು. ಮೊದಲು ನಾಲಿಗೆ ಭಾರವಾಗುತ್ತದೆ, ಆಮೇಲೆ ಬೆವರು ಒಡೆಯುತ್ತದೆ, ಆಮೇಲೆ ಎರಡೂ ಕೈ ಹೊಟ್ಟೆಗೆ ಹೋಗುತ್ತವೆ ಎಂದು ವಿವರಿಸುತ್ತಲೇ ಹುಣಸೆಹಣ್ಣು, ಉಪ್ಪು, ಬೇವಿನ ರಸ, ಅಂಟವಾಳದ ನೊರೆ ಎಲ್ಲ ಕಿವುಚಿ ದೊಡ್ಡ ತಂಬಿಗೆಯ ತುಂಬ ಕೊಟ್ಟಳು.

“ದೀಪ ಹಚ್ಚೂದ್ರೊಳಗ ಕುಡಸು.”

“ಹಚ್ಚಿದ ಮ್ಯಾಲ ಕುಡಸಿದ್ರ ನಡಿಯೂದಿಲ್ಲೇನ ಯವ್ವಾ?”

“ನಡೀತೈತಿ. ಕುಡಿಯಾಕ ಅಂವ ಇರಬೇಕಲ್ಲ.”

ನೀಲಪ್ಪ ತಂಬಿಗೆ ಹಿಡಿದು ಹೊರಟ. ಅಯ್ಯನವರು ದಾರಿ ಬದಲಿಸಿ ಯಾವ ಯಾವುದೋ ಓಣಿ ಹೊಕ್ಕಿದ್ದರು. ಕೇಳಿದಲ್ಲೆಲ್ಲ ಈಗಷ್ಟೇ ಹೋದರೆಂಬ ಉತ್ತರ. ಮಧ್ಯಾಹ್ನದ ಬಿಸಿಲಿನಲ್ಲಿ ಊರೆಲ್ಲ ಸುತ್ತಿದ. ಕೊನೆಗೆ ಸಿಂಪಿಗರ ಸಂಗಪ್ಪ ಹೊಲಿಗೆ ಯಂತ್ರ ನಿಲ್ಲಿಸಿ, ಅಯ್ಯನವರು ತನ್ನ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಂಡು ಹೋದರೆಂದೂ, ಮುಖ ಯಾಕೋ ಬಿಳಿಚಿಕೊಂಡಿತ್ತೆಂದೂ ಹೇಳಿದ. ನೀಲಪ್ಪ ತಂಬಿಗೆಯನ್ನು ಎದೆಗವಚಿಕೊಂಡ.

“ತಂಬಗ್ಯಾಗ ಏನೈತೋ?”

“ತೀರ್ಥ,” ಎಂಬ ಮಾತು ಗಾಬರಿಯಲ್ಲಿ ಬಾಯಿಂದ ಜಾರಿತು.

ಸಂಗಪ್ಪ ಭಕ್ತಿಯಿಂದ ಅಂಗೈ ಒಡ್ಡಿದ. ಇಲ್ಲವೆನ್ನಲಾರದೆ ನೀಲಪ್ಪ ಒಂದಿಷ್ಟು ಹಾಕಿದ. ಬಾಯಿಗೆ ಬಿದ್ದ ತೀರ್ಥವನ್ನು ಉಗುಳುವಂತಿಲ್ಲ, ನೆಲಕ್ಕೆ ಚೆಲ್ಲುವಂತಿಲ್ಲ. ಸಂಗಪ್ಪ ಕಣ್ಣು ಮೇಲೆ ಮಾಡಿ, ಯಂತ್ರದ ಗಾಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನುಂಗಿದ. ಯಾವ ದೇವರದೆಂದು ಅವನು ಕೇಳುವಷ್ಟರಲ್ಲಿ ನೀಲಪ್ಪ ಮೂಲೆ ತಿರುಗಿಯಾಗಿತ್ತು.

ಮುಂದಿನ ಓಣಿಯಲ್ಲಿ ರಾಯವ್ವ ಹೊಸ್ತಿಲಲ್ಲೇ ಕೂತಿದ್ದಳು. ಹಸಿದ ಮುಖವನ್ನು ಹಾದು ಹೋಗಲು ಬಿಡದ ಹೆಂಗಸೆಂದು ಹೆಸರಾದವಳು. ಅಯ್ಯನವರು ಬಂದಿದ್ದರು, ಹೋದರು ಎಂದಳು. ಎಲ್ಲಿಗೆಂದು ಕೇಳಿದರೆ ಅವನ ಮುಖವನ್ನೇ ನೋಡಿದಳು.

“ಹೆಣ್ತಿ ಊರಿಗೆ ಹ್ವಾದ ಮ್ಯಾಲ ಎಷ್ಟ ಸೊರಗೀಯೋ ತಮ್ಮಾ. ಉಂಡೀಯೇನು?”

“ಇಲ್ಲ ಯಕ್ಕಾ. ಅಯ್ಯಾರು ಎಲ್ಲಿ ಹ್ವಾದ್ರು?”

“ಉಂಡರ ಹೇಳತೇನಿ.”

ಬೇಡಿಕೊಂಡ, ಗೋಗರೆದ. ಆಕೆ ಗಂಗಾಳ ತಂದಿಟ್ಟಳು: ರೊಟ್ಟಿ, ಬದನೆಕಾಯಿ ಪಲ್ಯ. ನೀಲಪ್ಪ ಒಂದು ತೊಟ್ಟನ್ನು ತಿರುವಿ ನೋಡಿ, ಕಾಲಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗಿಟ್ಟ. ಮುಂಜಾನೆಯಿಂದ ಖಾಲಿಯಿದ್ದ ಹೊಟ್ಟೆ. ಉಪ್ಪು ತುಸು ಮುಂದಾಗಿತ್ತು, ಸೀದ ವಾಸನೆಯೂ ಇತ್ತು. ರಾಯವ್ವನಂಥವಳ ಕೈಯಲ್ಲೂ ತಳ ಹತ್ತುತ್ತದೆಂದು ತಿಳಿದು ಅವನಿಗೆ ಆ ಭಯದ ನಡುವೆಯೂ ಒಂದು ಬಗೆಯ ಸಮಾಧಾನವಾಯಿತು. ಪಲ್ಯ ಭಾಳ ಚಲೋ ಆಗೇತಿ ಎಂದು ಹೊಗಳಿ ಇನ್ನೊಮ್ಮೆ ಹಾಕಿಸಿಕೊಂಡ. ರಾಯವ್ವ ನಕ್ಕಳು. ಗಂಗಾಳ ತೊಳೆದ ನೀರನ್ನೂ ಕುಡಿದು ಎದ್ದ ಮೇಲೆ, ಅಯ್ಯನವರು ಮೈಯಲ್ಲಿ ಕಸುವಿಲ್ಲವೆಂದು ಮಠಕ್ಕೆ ತಿರುಗಿದರೆಂದು ಹೇಳಿದಳು.

ಮಠ ಮುಟ್ಟಿದಾಗ ಹೊತ್ತು ಇಳಿದಿತ್ತು. ಗುರುಪಾದಯ್ಯನವರು ಕಟ್ಟೆಯ ಮೇಲೆ ಮಗ್ಗುಲಾಗಿದ್ದರು. ಕಣ್ಣು ಮುಚ್ಚಿತ್ತು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

ನೀಲಪ್ಪ ಕರೆದ. ಉತ್ತರವಿಲ್ಲ. ಮತ್ತೆ ಕರೆದ. ನೇಸರಗಿಯಲ್ಲಿ ಹೊಟ್ಟೆ ಹೊತ್ತು ಕೂತ ತಂಗೆವ್ವ ಕಣ್ಣ ಮುಂದೆ ಬಂದಳು. ತಂಬಿಗೆಯನ್ನು ಕೆಳಗಿಟ್ಟು ಅಯ್ಯನವರ ಕಾಲ ಮೇಲೆ ಬಿದ್ದ. ಕಾಲು ಬೆಚ್ಚಗಿತ್ತು, ಮತ್ತು ಅಲುಗಾಡಿತು.

“ಯಾಕೋ ನೀಲಪ್ಪಾ,” ಎಂದರು ಅಯ್ಯನವರು ಕಣ್ಣು ತೆರೆದು. “ಹಸದು ಮಲಗಿದಾಂವನ್ನ ಎಬ್ಬಿಸಿದೆಲ್ಲೋ.”

ನೀಲಪ್ಪ ಒಂದೇ ಉಸಿರಿನಲ್ಲಿ ಹಲ್ಲಿ, ಪಲ್ಯ, ಬಟ್ಟಲು, ಮಾಯವ್ವನ ಮದ್ದು ಎಲ್ಲವನ್ನೂ ಹೇಳಿ, ಕೂಸಿಗೆ ಶಾಪ ತಟ್ಟದಿರಲೆಂದು ಅತ್ತ. ಅಯ್ಯನವರು ಎದ್ದು ಕೂತು ಶಾಂತವಾಗಿ ಕೇಳಿದರು.

“ಇವತ್ತ ನಮ್ಮ ಗುರುಗಳ ಪುಣ್ಯತಿಥಿ. ದೀಪ ಹಚ್ಚೂತನಕ ನಾ ನೀರೂ ಮುಟ್ಟೂದಿಲ್ಲ. ನಿನ್ನ ಪಲ್ಯ ನನ್ನ ಬಾಯಿಗೆ ಬಂದಿಲ್ಲ, ಹೆದರಬ್ಯಾಡ.”

ನೀಲಪ್ಪನ ಎದೆಯ ಮೇಲಿದ್ದ ಹತ್ತಿಯ ಅಂಡಿಗೆ ಇಳಿಯಿತು. ಕೂಸು ಉಳಿಯಿತು, ಕೊಪ್ಪರಿಗೆ ತಪ್ಪಿತು. ಕಣ್ಣೊರೆಸಿಕೊಂಡು, ಹಾಗಾದರೆ ಆ ಪಲ್ಯ ಎಲ್ಲಿ ಎಂದು ಕೇಳಿದ.

“ಜೋಳಿಗಿಗೆ ಬಂದಿದ್ದು ಪ್ರಸಾದಪ್ಪ, ಚೆಲ್ಲಾಕ ಬರೂದಿಲ್ಲ. ರಾಯವ್ವನ ಕೈಯಾಗ ಕೊಟ್ಟು, ಹಸದು ಬಂದಾಂವಗ ಹಾಕವ್ವಾ ಅಂತ ಹೇಳಿ ಬಂದೆ.”

ನೀಲಪ್ಪ ಏನೋ ಹೇಳಲು ಹೋದ. ನಾಲಿಗೆ ಭಾರವಾಗಿತ್ತು. ಹಣೆಯಲ್ಲಿ ಬೆವರು ಒಡೆಯಿತು. ಎರಡೂ ಕೈ ತಾವಾಗಿಯೇ ಹೊಟ್ಟೆಗೆ ಹೋದವು.

ಅಯ್ಯನವರು ಆ ಕೈಗಳನ್ನು ನೋಡಿದರು.

“ಎಷ್ಟ ಉಂಡಿ?”

“ಎರಡ ಸಲ ಹಾಕಿಸಿಕೊಂಡೆ, ಅಯ್ಯಾರ.”

ಒಳಗೆ ಯಾರೋ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಅಯ್ಯನವರು ನಿಧಾನವಾಗಿ ತಂಬಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು.

“ನನಗಂತ ತಂದೀ. ನನಗ ಮುಟ್ಟಿತು. ಇನ್ನ ಇದು ಪ್ರಸಾದ, ತಗೋ.”

ನೀಲಪ್ಪ ತಂಬಿಗೆಯೊಳಗೆ ಇಣುಕಿದ. ಸಂಗಪ್ಪನ ಅಂಗೈಗೆ ಹೋದಷ್ಟು ಬಿಟ್ಟರೆ ಕಂಠದವರೆಗೂ ಇತ್ತು. ನೊರೆಯೂ ಇಳಿದಿರಲಿಲ್ಲ. ಒಬ್ಬನಿಗೆಂದು ಅಳೆದು ಮಾಡಬಾರದೆಂಬುದು ಮಾಯವ್ವನಿಗೂ ಗೊತ್ತಿತ್ತು.