ಕಾಶವ್ವನ ಮೂಲ್ಯಾಗ ಸರ್ಕಾರಿ ಚೌಕಿ

ಕಾಶವ್ವ: ಏಳಂಗಿಲ್ಲ ಅಂದ್ರ ಏಳಂಗಿಲ್ಲ! ನಿನ್ನ ಸರ್ಕಾರಕ್ಕ ಹೋಗಿ ಹೇಳು.

ಮೌಲಾಲಿ: ಕಾಶಕ್ಕಾ, ಬರೇ ಆರು ಫೂಟ್ ಜಾಗಾ. ನಿನ್ನ ಶಿಗಡಿ ಒಲಿ ಅತ್ತಾಗ ಸಂಡಾಸದ ಬಾಜೂಕ ಇಡು.

ಕಾಶವ್ವ: ಸಂಡಾಸದ ಬಾಜೂಕ ರೊಟ್ಟಿ ಬಡೀಲ್ಯಾ? ನೀ ತಿಂತಿಯೇನು ಮದಲ ಹೇಳು!

ಎಪ್ಪತ್ತಮೂರನೇ ಇಸ್ವಿ, ಮುಂಬೈದ ಆಂಟಾಪ್ ಹಿಲ್‌ದಾಗಿನ ಒಂದ್ ಚಾಳು. ಮೌಲಾಲಿ ಅಲ್ಲಿ ಟೇಲರು, ಮ್ಯಾಲೆ ಚಾಳಿನ ಸೆಕ್ರೆಟರಿ. ಓಣಿ ಮಂದೀನ ಪೊಲೀಸರ ಜೋಡಿ ಓಣಿ ಕಾಯೂದಕ್ಕ ಸರ್ಕಾರ ಅನುದಾನ ಕೊಡ್ತೈತಿ ಅಂತ ಅಂವಗ ಸುದ್ದಿ ಸಿಕ್ಕಿತ್ತು. ಕಟಗಿ ಚೌಕಿ, ಆರು ಲಾಠಿ, ಆರು ಸೀಟಿ, ಹದಿನೈದ್ ದಿನದ ಟ್ರೇನಿಂಗು. ಅರ್ಜಿ ಹಾಕೂಕಿಂತ ಮದಲ ಮನುಷ್ಯಾ ತನಗ ಖಾಕಿ ಅಂಗಿ ಹೊಲಕೊಂಡಿದ್ದ! ಆದ್ರ ಗೇಟಿನ ಹಂತೇಕ ಚೌಕಿ ಕೂಡೂ ಜಾಗಾ ಒಂದ. ಅಲ್ಲಿ ಹನ್ನೊಂದ್ ವರ್ಷದಿಂದ ಕಾಶವ್ವ ಬಂದರಿನ ಹಮಾಲರಿಗೆ ಜೋಳದ ರೊಟ್ಟಿ ಮಾಡಿ ಮಾರತಿದ್ಲು. ಮೂಲಿ ಹೋತಂದ್ರ ಆಕಿ ಒಲಿ ಆರಿದಂಗ.

ಕಾಶವ್ವ: ಈ ಚಾಳಿನ್ಯಾಗ ಒಂದರೆ ಚಮಚಾ ಕಳುವಾಗೇತಿ?

ಮೌಲಾಲಿ: ಆದ ಮ್ಯಾಲೆ ಸೀಟಿ ಊದಿದ್ರ ಚಮಚಾ ತಿರಗಿ ಬರ್ತೈತಿ?

ಅಷ್ಟ್ರಾಗ ಬಗಲಾಗ ಫೈಲು, ಕೈಯಾಗ ಛತ್ರಿ, ಅರ್ಜಿ ತಪಾಸ ಮಾಡೂ ಸಾಹೇಬ ಶಿವಪುತ್ರಪ್ಪ ಬಂದ್ರು. ಬೆಳಗಾವಿ ಕಡೇವ್ರು. ಮೌಲಾಲಿ ಓಡಿಹೋಗಿ ತನ್ನ ಸ್ಟೂಲು ತಂದಿಟ್ಟ.

ಸಾಹೇಬ: ಅರ್ಜಿ ಚಂದ ಬರದೀರಿ. ಏಳನೇ ಕಾಲಮ್ ಯಾಕ ಖಾಲಿ? "ಈ ಭಾಗದ ಸಂಶಯದ ಮಂದಿ."

ಮೌಲಾಲಿ: ಅಂಥವ್ರ ಇಲ್ರೀ ಸಾಹೇಬ್ರ. ಎಲ್ಲಾರೂ ನಮ್ಮವ್ರ.

ಸಾಹೇಬ: ಹಂಗಿದ್ರ ಕಾವಲಾ ಯಾಕ? ಆಚೀ ಚಾಳಿನವ್ರು ಒಂಬತ್ತ ಹೆಸರು ಕೊಟ್ಟಾರ. ಅನುದಾನ ಅವ್ರಿಗೆ ಹೋಕ್ಕೈತಿ.

ಮೌಲಾಲಿಗೆ ಇಸ್ತ್ರಿ ಮಾಡಿಟ್ಟ ಖಾಕಿ ಅಂಗಿ ಕಣ್ಣಮುಂದ ಬಂತು. ಚೌಕಿ ಬ್ಯಾಡಂತ ತೋರಸಾಕ ಇದ ಟೈಮಂತ ಕಾಶವ್ವ ನಡುವ ಬಾಯಿ ಹಾಕಿದ್ಲು.

ಕಾಶವ್ವ: ಚೌಕಿ ಯಾಕ ಬೇಕ್ರೀ ಯಪ್ಪಾ? ನಾ ಇಲ್ಲೇ ಕುಂತು ಒಬ್ಬನ್ನ ಗುರುತು ಹಿಡದೀನಿ. ಎಂಟ್ ದಿನಾತು, ಮನಿ ಮನಿ ಬಾಗಲಾ ಬಡೀತಾನ. ಡ್ಯೂಟಿಗೆ ಎಷ್ಟಕ್ಕ ಹೋಗ್ತೀರಿ, ಕೀಲಿ ಎಂಥಾದು, ಮಧ್ಯಾಹ್ನ ಮನ್ಯಾಗ ಯಾರಿರ್ತಾರ, ಎಲ್ಲಾ ಬುಕ್ಕಿನ್ಯಾಗ ಬರಕೋತಾನ!

ಸಾಹೇಬ್ರ ಪೆನ್ನಿನ ಟೊಪ್ಪಗಿ ತಾನ ಬಿಚ್ಚಿತು.

ಸಾಹೇಬ: ಹೆಸರು?

ಕಾಶವ್ವ: ಇಂವನ! ನಿಮಗ ಸ್ಟೂಲ್ ಕೊಟ್ಟಂವ.

ಮೌಲಾಲಿ: ಅಕ್ಕಾ! ಅದು ಸರ್ವೇ ರೀ ಸಾಹೇಬ್ರ, ನಿಮ್ಮ ನಾಲ್ಕನೇ ಕಾಲಮ್ಮಿನ್ಯಾಗ ಕೇಳಿದ ಮನಿ ಮಾಹಿತಿ ಸಲುವಾಗಿ!

ಸಾಹೇಬ: ಗೊತ್ತೈತಪಾ. ಆದ್ರ ಏಳನೇದಕ್ಕ ಒಂದ್ ಹೆಸರು ಬೇಕಲ್ಲ? ನಿಮ್ಮದ ಬರಕೋಲ್ಯಾ, ಫೈಲು ಆಚೀ ಚಾಳಿಗೆ ಕಳಸಲ್ಯಾ?

ಮೌಲಾಲಿ: ನಾ ಕಾವಲು ದಳದ ಮುಖ್ಯಸ್ಥ ಆಗಾಂವ ಇದ್ದೆ ರೀ!

ಸಾಹೇಬ: ಸಂಶಯದಾಂವ ಮುಖ್ಯಸ್ಥ ಆದ್ರ ನಮ್ಮ ನೌಕರಿ ಹೋಕ್ಕೈತಿ. ಹೆದರಬ್ಯಾಡ್ರಿ, ಟ್ರೇನಿಂಗ್ ಮುಗದ ಮ್ಯಾಲೆ "ಸುಧಾರಿಸ್ಯಾನ" ಅಂತ ಬರೀತೀನಿ. ನೀವೂ ಪಾರು, ಯೋಜನಾನೂ ಯಶಸ್ವಿ.

ಮೌಲಾಲಿ ಆಚೀ ಚಾಳಿನ ಕಡೆ ನೋಡಿದ. ಅಲ್ಲಿನವ್ರು ಒಂಬತ್ ಮಂದಿ ಕಳ್ಳರ ಹೆಸರಿನ ಮ್ಯಾಲೆ ಸೀಟಿ ಊದಾಕ ತಯಾರಾಗ್ಯಾರ. ಇಲ್ಲಿ ತಾ ಒಬ್ಬಾಂವ.

ಮೌಲಾಲಿ: ...ಬರಕೋರಿ.

ಸಾಹೇಬ: ಶಾಬ್ಬಾಸ್! ಚೌಕಿ ಮಂಜೂರು. ಇನ್ನ ಚೌಕಿಗೆ ಮುಖ್ಯಸ್ಥಿ, ಗುರುತು ಹಿಡದ ಈ ಅಕ್ಕಾರು.

ಕಾಶವ್ವ: ನನಗ್ಯಾಕ್ರೀ? ನನ್ನ ಮೂಲಿ ನನಗ ಬಿಡ್ರಿ, ಸಾಕು.

ಸಾಹೇಬ: ಮೂಲಿ ನಿಮ್ದ ಇರ್ತೈತಿ. ಒಳಗ ನೀವ ಕೂಡ್ರಿ.

ಕಾಶವ್ವ: ಮ್ಯಾಲೆ ತಗಡ ಇರ್ತಾವೇನ್ರೀ?

ಸಾಹೇಬ: ಹೊಸಾ ತಗಡು.

ಕಾಶವ್ವ: ಹೊಗಿ ಹೋಗಾಕ ಕಿಡಕಿ?

ಸಾಹೇಬ: ಎರಡು.

ಕಾಶವ್ವ: ಮತ್ತ ಅದನ್ನ ಮದಲ ಹೇಳ್ಬೇಕಿಲ್ಲೋ ಮೌಲಾಲಿ? ಸುಮ್ನ ಜಗಳಾಡಿದಿ!

ಸಾಹೇಬ್ರು ಫೈಲು ಕಟ್ಟಿ ಎದ್ದು ನಿಂತ್ರು.

ಸಾಹೇಬ: ಇನ್ನೊಂದು. ಸಂಶಯದಾಂವ ದಿನಾ ಚೌಕಿಗೆ ಬಂದು ಹಾಜರಿ ಕೊಡಬೇಕು. ಟೈಮ್ ಮುಖ್ಯಸ್ಥರು ಹೇಳ್ತಾರ.

ಮೌಲಾಲಿ: ಎಷ್ಟಕ್ಕ ಬರ್ಲಿ... ಬಾಯಿಸಾಹೇಬ್ರ?

ಕಾಶವ್ವ: ಹತ್ತಕ್ಕ ಬಾ. ಕೈ ತೊಳಕೊಂಡ ಬಾ, ಹಿಟ್ಟು ನಾದೂ ಹೊತ್ತು.