ಅಬು ಹಲೀಫಾದ ವಿಲ್ಲಾ ಶಾಲೆ

ಶಾಲೆಯ ಆಫೀಸಿನಲ್ಲಿ ಕೂತವರಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ದಿನಕ್ಕೊಂದು ಪ್ರಸಂಗ ತಾನಾಗಿಯೇ ಕೌಂಟರಿನ ಹತ್ತಿರ ಬಂದು ನಿಲ್ಲುತ್ತದೆ. ಹೆಚ್ಚಿನ ಸಲ ಅದರ ಹಿಂದೆಯೇ ಅಳುವೂ ನಿಂತಿರುತ್ತದೆ ಅಂತ ಗೊತ್ತಾಗುವುದಕ್ಕೆ ನನಗೆ ಬಹಳ ವರ್ಷ ಹಿಡಿಯಿತು.

ನಾನು ಉಡುಪಿ ಕಡೆಯವಳು. ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷ್, ಬಸ್ ಡ್ರೈವರುಗಳ ಹತ್ತಿರ ಹಿಂದಿ. ಮದುವೆಯಾಗಿ ಕುವೈತಿಗೆ ಬಂದ ಎರಡನೇ ವರ್ಷ ಅಬು ಹಲೀಫಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ಕ್ಲಾರ್ಕ್ ಆಗಿ ಸೇರಿದೆ. ಇಪ್ಪತ್ತೆರಡು ವರ್ಷ ಅದೇ ಕುರ್ಚಿ. ಈ ವರ್ಷ ಶಾಲೆ ಮುಚ್ಚಿತು. ಮುಚ್ಚುವ ಮೊದಲು ಪ್ರಿನ್ಸಿಪಾಲರು ಕರೆದು, "ಮಿಸ್, ಮ್ಯಾಗಜೀನಿನ ಕೊನೆಯ ಸಂಚಿಕೆಗೆ ಶಾಲೆಯ ಇತಿಹಾಸ ಎರಡು ಪುಟ ಬರೆದುಕೊಡಿ" ಅಂದರು. ಬರೆದೆ. ಒಂದು ವಿಲ್ಲಾದಲ್ಲಿ ಶುರುವಾದದ್ದು, ಪಕ್ಕದ ಬೀದಿಯಲ್ಲಿ ಎರಡನೇ ವಿಲ್ಲಾ ಹಿಡಿದದ್ದು, ಆಚೆ ಏರಿಯಾದಲ್ಲಿ ದೊಡ್ಡ ಬ್ರಾಂಚ್ ಕಟ್ಟಿದ್ದು, ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಾ ಹೋಗುತ್ತಾ ನಮ್ಮದು ಖಾಲಿಯಾದದ್ದು. ಎಲ್ಲ ಸರಿಯಾಗಿಯೇ ಇತ್ತು, ಆದರೆ ಆ ಎರಡು ಪುಟದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಬಿಟ್ಟುಹೋದದ್ದನ್ನು ಇಲ್ಲಿ ಹೇಳುತ್ತೇನೆ.

ಅಡುಗೆಮನೆ ಪಾಸು

ಮೊದಲ ವರ್ಷಗಳಲ್ಲಿ ಶಾಲೆ ಅಂದರೆ ಯಾರೋ ವಾಸ ಮಾಡಿ ಬಿಟ್ಟ ಮನೆ. ಅಡುಗೆಮನೆಯ ಕಲ್ಲು ಕಿತ್ತು ಒಂದನೇ ಕ್ಲಾಸ್ ಮಾಡಿದ್ದರು. ಬೆಡ್‌ರೂಮಿನಲ್ಲಿ ಎರಡನೆಯದು, ಹಾಲಿನಲ್ಲಿ ನಾಲ್ಕನೆಯದು. ಮಕ್ಕಳು ಕ್ಲಾಸಿನ ನಂಬರು ಹೇಳುತ್ತಲೇ ಇರಲಿಲ್ಲ, ಕೋಣೆಯ ಹೆಸರೇ ಹೇಳುತ್ತಿದ್ದರು.

ಕಾರ್ಕಳದ ಒಂದು ಹುಡುಗಿ ಇದ್ದಳು. ಐದು ವರ್ಷದವರೆಗೆ ಅಜ್ಜಿಯ ಹತ್ತಿರ ಬೆಳೆದವಳು. ಅಪ್ಪ ಅಮ್ಮನಿಗೆ ಫ್ಯಾಮಿಲಿ ವೀಸಾ ಸಿಕ್ಕಿದ ಮೇಲೆ ಇಲ್ಲಿಗೆ ಬಂದಿದ್ದಳು. ರಿಸಲ್ಟ್ ಬಂದ ದಿನ ಅಜ್ಜಿಗೆ ಫೋನಿನಲ್ಲಿ ಹೇಳಿದಳಂತೆ, "ಅಜ್ಜಿ, ಅಡುಗೆಮನೆಯಲ್ಲಿ ನಾನೇ ಫಸ್ಟ್! ಇನ್ನು ನನ್ನನ್ನು ಬೆಡ್‌ರೂಮಿಗೆ ಹಾಕ್ತಾರೆ."

ಮರುದಿನ ಬೆಳಿಗ್ಗೆ ಆಫೀಸಿಗೆ ಊರಿನಿಂದ ಫೋನ್. ಮುದುಕಿ ಅಳುತ್ತಿದ್ದರು. "ಮಗುವನ್ನು ಓದಲಿಕ್ಕೆ ಕಳಿಸಿದ್ದು ನಾವು. ನೀವು ಯಾರ ಮನೆಯಲ್ಲಿ ಕೆಲಸಕ್ಕೆ ಇಟ್ಟಿದ್ದೀರಿ?"

ನಾನು ಮನೆಯೇ ಶಾಲೆಯಾದ ಕತೆಯನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದೆ. ಅವರು ಮೂಗು ಒರೆಸಿಕೊಂಡದ್ದು ಇಲ್ಲಿಗೇ ಕೇಳಿಸಿತು. ಆಮೇಲೆ ಕೇಳಿದರು, "ಹಾಲಿಗೆ ಬರಲಿಕ್ಕೆ ಇನ್ನು ಎಷ್ಟು ವರ್ಷ ಉಂಟು ಮಗಾ?"

"ಎರಡು ವರ್ಷ ಅಮ್ಮ."

"ಅಷ್ಟು ದಿನ ನಾನಿರುವುದಿಲ್ಲ. ಒಂದು ಕೆಲಸ ಮಾಡಿ, ಈಗಲೇ ಅವಳನ್ನು ಹಾಲಿನಲ್ಲಿ ಕೂರಿಸಿ ಒಂದು ಫೋಟೋ ತೆಗೆದು ಕಳಿಸಿ. ಪಾಸು ಆಮೇಲೆ ಆಗಲಿ."

ಕೂರಿಸಿದೆವು. ನಾಲ್ಕನೇ ಕ್ಲಾಸಿನ ದೊಡ್ಡ ಬೆಂಚಿನಲ್ಲಿ ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಮೂರು ಕೇಕು

ಇಲ್ಲಿ ಶಾಲೆ ಬಿಟ್ಟುಹೋಗುವುದು ಅಂದರೆ ಅಪ್ಪನ ಕೆಲಸ ಹೋಗುವುದು. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಇಲ್ಲ; ಇಕಾಮಾ ಇಲ್ಲದಿದ್ದರೆ ಊರಿಗೆ ಹೊರಡಲೇಬೇಕು. ಟಿ.ಸಿ. ಕೇಳಲು ಬರುವ ಗಂಡಸರು ನನ್ನ ಮುಖ ನೋಡುವುದಿಲ್ಲ, ಗೋಡೆಯ ಕ್ಯಾಲೆಂಡರು ನೋಡುತ್ತಾರೆ.

ಪೇಟೆಯ ಕಡೆ ಮಿರ್ಕಾಬಿನ ಒಂದು ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದವರೊಬ್ಬರು ಹಾಗೆ ಬಂದರು. "ಖಲಾಸ್ ಮಿಸ್, ಅಂಗಡಿ ಮುಚ್ಚಿತು." ಅವರ ಮಗ ಆರನೇ ಕ್ಲಾಸು. ಟೀಚರಮ್ಮ ಒಂದು ಕೇಕ್ ತರಿಸಿದರು. ಹುಡುಗರು ಅವನ ಅಂಗಿಯ ಮೇಲೆಲ್ಲ ಪೆನ್ನಿನಲ್ಲಿ ಹೆಸರು ಬರೆದರು, ಕೆಲವರು ಅತ್ತರು. ಎರಡು ವಾರಕ್ಕೆ ಅಪ್ಪನಿಗೆ ಬೇರೆ ಕೆಲಸ ಸಿಕ್ಕಿತು, ಹುಡುಗ ಹೊಸ ಅಂಗಿ ಹಾಕಿಕೊಂಡು ವಾಪಸು ಬಂದ.

ಆರು ತಿಂಗಳಿಗೆ ಮತ್ತೆ ಟಿ.ಸಿ., ಮತ್ತೆ ಕೇಕು, ಮತ್ತೆ ಅಂಗಿಯ ಮೇಲೆ ಹೆಸರು. ಮತ್ತೆ ವಾಪಸು. ಮೂರನೇ ಸಲ ಕೇಕ್ ಕತ್ತರಿಸುವಾಗ ಒಬ್ಬರೂ ಅಳಲಿಲ್ಲ. ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, "ಮಿಸ್, ನೆಕ್ಸ್ಟ್ ಟೈಮ್ ಚಾಕೊಲೇಟ್ ಫ್ಲೇವರ್ ಪ್ಲೀಸ್" ಅಂದ. ಹೋಗುವವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಆ ಸಲವೂ ವಾಪಸು ಬಂದ. ಅವನು ನಿಜವಾಗಿ ಹೋದದ್ದು ಬೇಸಿಗೆ ರಜೆಯಲ್ಲಿ. ಶಾಲೆಯಲ್ಲಿ ನಾನೊಬ್ಬಳೇ ಇದ್ದೆ. ಅಪ್ಪ ಕಾಗದಕ್ಕೆ ಸಹಿ ಹಾಕುವಷ್ಟು ಹೊತ್ತು ಹುಡುಗ ಬೀಗ ಹಾಕಿದ ಕ್ಲಾಸಿನ ಕಿಟಕಿಗೆ ಮುಖ ಒತ್ತಿ ನಿಂತಿದ್ದ. ಕೊಡಲಿಕ್ಕೆ ಏನೂ ಇಲ್ಲವಲ್ಲ ಅಂತ ಟಿಫಿನ್ ಡಬ್ಬಿಯಲ್ಲಿದ್ದ ನೀರುದೋಸೆ ಕೊಟ್ಟೆ. ತಿಂದು ಮುಗಿಸಿ, ಬೆರಳು ನೆಕ್ಕುತ್ತಾ ನನ್ನನ್ನೇ ಸಮಾಧಾನ ಮಾಡುವವನ ಹಾಗೆ ಹೇಳಿದ, "ಇಟ್ಸ್ ಓಕೆ ಮಿಸ್. ಆ ಕೇಕ್ ನನಗೂ ಬೋರ್ ಆಗಿತ್ತು."

ಉದ್ದ ಗೊತ್ತು

ಪೇರೆಂಟ್ಸ್ ಮೀಟಿಂಗಿಗೆ ಯಾವಾಗಲೂ ಅಮ್ಮಂದಿರೇ ಬರುತ್ತಿದ್ದರು. ಒಂದು ಸಲ ಎಣ್ಣೆ ಕಂಪೆನಿಯ ಗುತ್ತಿಗೆ ಕೆಲಸದ ಒಬ್ಬ ಅಪ್ಪ ಬಂದರು. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಮಗಳ ಹೆಸರು ಹೇಳಿ, ನಾಲ್ಕನೇ ಕ್ಲಾಸು ಅಂದರು. ನಾನು ನಾಲ್ಕನೇ ಕ್ಲಾಸಿನ ಬಾಗಿಲು ತೋರಿಸಿದೆ. ಕಾಲು ಗಂಟೆ ಟೀಚರ್ ಹೇಳಿದ್ದಕ್ಕೆಲ್ಲ ತಲೆ ಆಡಿಸಿ, ಸಂತೋಷದಿಂದ ಹೊರಗೆ ಬಂದರು. "ಮಿಸ್, ಗಣಿತದಲ್ಲಿ ಐವತ್ತಕ್ಕೆ ಐವತ್ತಂತೆ! ಡಾನ್ಸ್ ಬೇರೆ ಮಾಡ್ತಾಳಂತೆ! ಮನೆಯಲ್ಲಿ ಒಬ್ಬರೂ ನನಗೆ ಹೇಳಲೇ ಇಲ್ಲ."

ಅಷ್ಟರಲ್ಲಿ ನಾಲ್ಕನೇ ಕ್ಲಾಸಿನ ಅದೇ ಹೆಸರಿನ ಇನ್ನೊಬ್ಬ ಹುಡುಗಿಯ ಅಮ್ಮ ಅದೇ ಬಾಗಿಲಿಗೆ ಬಂದರು. ರಿಜಿಸ್ಟರು ನೋಡಿದೆ. ಇವರ ಮಗಳು ನಾಲ್ಕನೇ ಕ್ಲಾಸಲ್ಲ, ಆರನೇ ಕ್ಲಾಸು.

"ನಿಮ್ಮ ಮಗಳು ಎಷ್ಟನೇ ಕ್ಲಾಸು ಅಂತ ಗೊತ್ತಿಲ್ಲವಾ ನಿಮಗೆ?" ಸ್ವಲ್ಪ ಗಡುಸಾಗಿಯೇ ಕೇಳಿದೆ.

"ನಾಲ್ಕು ಅಂತ ಇತ್ತು ನನ್ನ ತಲೆಯಲ್ಲಿ. ಯಾವಾಗ ಆರಾಯಿತೋ!" ತಲೆ ತಗ್ಗಿಸಿದರು. "ನಾನು ಡ್ಯೂಟಿಗೆ ಹೊರಡುವಾಗ ಅವಳು ಮಲಗಿರ್ತಾಳೆ, ಬರುವಾಗಲೂ ಮಲಗಿರ್ತಾಳೆ. ರಜೆಯ ದಿನ ನಾನು ಮಲಗಿರ್ತೇನೆ."

"ಮಗಳು ಎಷ್ಟು ಬೆಳೆದಿದ್ದಾಳೆ ಅಂತಲಾದರೂ ನೋಡಿದ್ದೀರಾ?"

ಅವರು ಎರಡೂ ಕೈ ಅಗಲಿಸಿ ಮಂಚದ ಅಳತೆ ತೋರಿಸಿದರು. "ಉದ್ದ ಗೊತ್ತು ಮಿಸ್. ಎತ್ತರ ಗೊತ್ತಿಲ್ಲ."

ನಾನು ನಕ್ಕೆ. ನಕ್ಕ ಮೇಲೆ ಎದ್ದು ಹೋಗಿ ಅವರ ಮಗಳನ್ನು ಆರನೇ ಕ್ಲಾಸಿನಿಂದ ಕರೆದುಕೊಂಡು ಬಂದು ಅಪ್ಪನ ಪಕ್ಕ ನಿಲ್ಲಿಸಿದೆ. ಅವರ ಭುಜಕ್ಕೆ ಬರುತ್ತಿದ್ದಳು.

ಇಬ್ಬರು ಹಾಜರು

ಕೊರೊನಾ ಸಮಯದಲ್ಲಿ ಶಾಲೆ ಕಂಪ್ಯೂಟರಿನೊಳಗೆ ಹೋಯಿತು. ಹಾಜರಿ ತಾಳೆ ಹಾಕುವ ಕೆಲಸ ನನ್ನದು. ಮೂರನೇ ಕ್ಲಾಸಿನಲ್ಲಿ ದಿನವೂ ಒಂದು ತಲೆ ಹೆಚ್ಚು ಬರುತ್ತಿತ್ತು, ಒಬ್ಬಳೇ ಹುಡುಗಿ ಎರಡು ಕಡೆಯಿಂದ ಸೇರಿದ ಹಾಗೆ. ಒಂದರಲ್ಲಿ ಮುಖ ಕಾಣುತ್ತಿತ್ತು, ಇನ್ನೊಂದರಲ್ಲಿ ಕತ್ತಲೆ. "ಒಂದನ್ನು ಆಫ್ ಮಾಡಮ್ಮ" ಅಂತ ಟೀಚರ್ ಹೇಳಿದರೆ, "ನನ್ನದು ಒಂದೇ ಇರೋದು ಮಿಸ್" ಅನ್ನುತ್ತಿದ್ದಳು ಹುಡುಗಿ.

ಒಂದು ದಿನ ಟೀಚರ್ ಮಗ್ಗಿ ಕೇಳುವಾಗ ತಪ್ಪಿ ಆ ಕತ್ತಲೆಯ ಚೌಕದ ಮೈಕು ತೆರೆದರು. "ಹೇಳು, ಏಳೆಂಟ್ಲ?"

ಬಂದದ್ದು ದೊಡ್ಡ ಹೆಂಗಸಿನ ದನಿ, ಹೆದರಿ ಹೆದರಿ, "ಐವತ್ತಾರು ಮಿಸ್."

"ಮಮ್ಮಾ!" ಅಂತ ಹುಡುಗಿ ಕಿರುಚಿದಳು.

ಅಮ್ಮ ನರ್ಸು. ಕೊರೊನಾ ವಾರ್ಡಿನ ಡ್ಯೂಟಿ. ಆರು ವಾರದಿಂದ ಮನೆಗೆ ಹೋಗಿರಲಿಲ್ಲ, ಆಸ್ಪತ್ರೆಯವರು ಕೊಟ್ಟ ಕೋಣೆಯಲ್ಲೇ ಇದ್ದರು. ಫೋನಿನಲ್ಲಿ ಮಾತಾಡಿದರೆ ಮಗಳು ಅತ್ತು ಊಟ ಬಿಡುತ್ತಾಳೆ ಅಂತ, ಸುಮ್ಮನೆ ಕ್ಲಾಸಿನಲ್ಲಿ ಕೂತು ಮಗಳ ಮುಖ ನೋಡುತ್ತಿದ್ದರು. ವಿಷಯ ಗೊತ್ತಾದ ಮೇಲೆ ಟೀಚರ್ ನನಗೆ ಫೋನ್ ಮಾಡಿ, ಏನು ಮಾಡೋದು ಅಂತ ಕೇಳಿದರು. ಇಬ್ಬರಿಗೂ ಹಾಜರಿ ಹಾಕಿ ಅಂದೆ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಮಗಳಿಗಿಂತ ಅಮ್ಮನ ಹಾಜರಿಯೇ ಹೆಚ್ಚಿತ್ತು.

ಪಕ್ಕದ ಮನೆಯ ಬಾಬಾ

ನಮ್ಮ ಶಾಲೆಯ ವಿಲ್ಲಾದ ಮಾಲೀಕರು ಪಕ್ಕದ ಮನೆಯಲ್ಲೇ ಇದ್ದ ಒಬ್ಬ ಕುವೈತಿ ಮುದುಕರು. ನಾವೆಲ್ಲ ಬಾಬಾ ಅನ್ನುತ್ತಿದ್ದೆವು. ಬೆಳಿಗ್ಗೆ ಏಳಕ್ಕೆ ನಮ್ಮ ಪ್ರಾರ್ಥನೆ, ಏಳೂ ಕಾಲಿಗೆ ಗಲಾಟೆ ನಿಲ್ಲಿಸಿ ಅಂತ ಹರಕು ಹಿಂದಿಯಲ್ಲಿ ಬಾಬಾ ಫೋನು. "ಮಿಸ್! ಬಹುತ್ ಆವಾಜ್! ಯಲ್ಲಾ, ಬಂದ್ ಕರೋ!" ನಾನು "ಸಾರಿ ಬಾಬಾ" ಅನ್ನುತ್ತಿದ್ದೆ. ವರ್ಷಗಟ್ಟಲೆ ಇದೇ ನಡೆಯಿತು.

ಕೊರೊನಾಕ್ಕೆ ಶಾಲೆ ಮುಚ್ಚಿದ ಮೂರನೇ ದಿನವೂ ಫೋನ್ ಬಂತು. "ಮಿಸ್, ಆವಾಜ್ ಯಾಕಿಲ್ಲ?"

"ಮಕ್ಕಳೇ ಇಲ್ಲವಲ್ಲ ಬಾಬಾ."

"ನನ್ನ ಹೆಂಡತಿ ಕೇಳ್ತಾಳೆ. ಏಳು ಗಂಟೆ ಆಯ್ತಾ ಇಲ್ವಾ ಅಂತ ಅವಳಿಗೆ ಗೊತ್ತಾಗೋದಿಲ್ಲ."

ಅವರ ಹೆಂಡತಿ ಮಾಳಿಗೆಯ ಮೇಲೆ ಹಾಸಿಗೆ ಹಿಡಿದಿದ್ದರು, ಕಣ್ಣು ಮಂಜಾಗಿತ್ತು ಅಂತ ನನಗೆ ಆವತ್ತೇ ಗೊತ್ತಾದದ್ದು. ಮಕ್ಕಳ ಪ್ರಾರ್ಥನೆ ಅವರಿಗೆ ಬೆಳಗಾಗುವ ಗುರುತು. ಶಾಲೆ ಮತ್ತೆ ತೆರೆದಾಗ ಆಕೆ ಇನ್ನೂ ಇದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಅದರ ನಂತರ ಬಾಬಾ ಫೋನ್ ಮಾಡಲಿಲ್ಲ.

ಕೊನೆಯ ಗುರುವಾರದ ಅಸೆಂಬ್ಲಿಗೆ ಅವರನ್ನೇ ಮುಖ್ಯ ಅತಿಥಿ ಅಂತ ಕರೆದೆವು. ಉಳಿದಿದ್ದ ಮಕ್ಕಳು ಅರವತ್ತು ಮಂದಿ. ಬಾಬಾ ಅರಬ್ಬಿಯಲ್ಲಿ ಹತ್ತು ನಿಮಿಷ ಮಾತಾಡಿದರು. ನಡುವೆ ಎರಡು ಸಲ ತಮ್ಮ ಮನೆಯ ಮಾಳಿಗೆಯ ಕಡೆ ಕೈ ತೋರಿಸಿದರು. ಸರಕಾರಿ ಕಾಗದ ಓಡಿಸುವ ನಮ್ಮ ಮಂದೂಬ್, ಹೈದರಾಬಾದಿನ ಭಾಯಿ, ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ಮೈಕು ಹಿಡಿದು ಗಂಟಲು ಸರಿಮಾಡಿ ಹೇಳಿದ, "ಬಾಬಾ ಸೇಸ್, ಥ್ಯಾಂಕ್ಯೂ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಬಾಬಾ ಮುಖ ಕೆಂಪಾಯಿತು. "ನಾನು ಹತ್ತು ನಿಮಿಷ, ನೀನು ಒಂದು ಮಾತು?" ಅಂತ ಹಿಂದಿಯಲ್ಲಿ ಗದರಿದರು. ಭಾಯಿ ನನ್ನ ಕಡೆ ತಿರುಗಿದ, ಕಣ್ಣು ಒದ್ದೆಯಾಗಿತ್ತು. "ಉಳಿದದ್ದೆಲ್ಲ ಅವರ ಹೆಂಡತಿಯ ಬಗ್ಗೆ ಮಿಸ್. ನನ್ನಿಂದ ಹೇಳಲಿಕ್ಕಾಗೋದಿಲ್ಲ."

ಬಾಬಾ ತಾವೇ ಮೈಕು ಕಿತ್ತುಕೊಂಡರು. ಅವರಿಗೆ ಗೊತ್ತಿದ್ದ ಹಿಂದಿ ಇಂಗ್ಲಿಷ್ ಎರಡನ್ನೂ ಕಲಸಿ ಮಕ್ಕಳಿಗೆ ಹೇಳಿದರು, "ಟುಮಾರೋ ಆವೋ. ಹಾಫ್ ಅವರ್ ಆವಾಜ್ ಕರೋ. ನೋ ಬುಕ್, ನೋ ಎಕ್ಸಾಮ್. ಓನ್ಲಿ ಆವಾಜ್."

ಮುಂದಿನ ಸಾಲಿನ ಒಂದನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. "ಅಂಕಲ್, ಟುಮಾರೋ ಫ್ರೈಡೇ. ಹಾಲಿಡೇ."

"ಓಕೆ. ಸಂಡೇ?"

"ಓಕೆ, ಸಂಡೇ" ಅಂದಳು ಅವಳು, ಧೈರ್ಯವಾಗಿ. ಅವಳ ಮನೆಯವರು ಶನಿವಾರದ ವಿಮಾನಕ್ಕೆ ಊರಿಗೆ ಹೊರಡುವವರಿದ್ದರು. ಉಳಿದವರಿಗೆ ಭಾನುವಾರದಿಂದ ದೊಡ್ಡ ಬ್ರಾಂಚಿನ ಬಸ್ಸು.

ಭಾನುವಾರ ಬೆಳಿಗ್ಗೆ ನಾನು ಬೀಗದಕೈ ಕೊಡಲು ಹೋದೆ. ನನ್ನ ಇಕಾಮಾ ಶಾಲೆಯದೇ, ಹಾಗಾಗಿ ನನಗೂ ಇಲ್ಲಿ ಇನ್ನು ಒಂದೇ ತಿಂಗಳು ಉಳಿದಿತ್ತು. ಗೇಟಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಾಬಾ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಅತ್ತರಿನ ಪರಿಮಳ. ಮಡಿಲಲ್ಲಿ ಒಂದು ಡಬ್ಬ ಚಾಕಲೇಟು.

ಬರುವುದಿಲ್ಲ ಬಾಬಾ, ಯಾರೂ ಬರುವುದಿಲ್ಲ ಅಂತ ಹೇಳಲು ಬಾಯಿ ತೆರೆದೆ. ಹೇಳದೆ ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ. ಇಬ್ಬರೂ ಬೀದಿಯ ಕಡೆ ನೋಡಿದೆವು. ಏಳಾಯಿತು, ಏಳೂ ಕಾಲಾಯಿತು. ಬಾಬಾ ಕೈಗಡಿಯಾರ ನೋಡಿಕೊಂಡರು, ಡಬ್ಬ ತೆರೆದು ನನಗೊಂದು ಚಾಕಲೇಟು ಕೊಟ್ಟು ತಾವೊಂದು ಬಾಯಿಗೆ ಹಾಕಿಕೊಂಡರು. ಆಮೇಲೆ ತಲೆ ಅಲ್ಲಾಡಿಸುತ್ತಾ, ಇಪ್ಪತ್ತು ವರ್ಷ ಫೋನಿನಲ್ಲಿ ಕೇಳಿದ ಅದೇ ಸಿಟ್ಟಿನ ದನಿಯಲ್ಲಿ ಅಂದರು:

"ಇಂಡಿಯನ್ ಸ್ಕೂಲು! ಆಲ್ವೇಸ್ ಲೇಟ್."