ಒಂದಡಿ ಹೀರೋನ ಶರ್ಟಿಗೆ ಮೂರು ಜನ ಜಡ್ಜು

ಟೈಲರ್ ಅಂಗಡಿ ಇಟ್ಟ ಮೇಲೆ ಗಿರಾಕಿಗಳ ಹತ್ರ ಬೈಸ್ಕೊಳ್ಳೋದು ಇದ್ದಿದ್ದೇ, ಅದಕ್ಕೆಲ್ಲ ನಾನು ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಒಂದಡಿ ಬೊಂಬೆಯ ಶರ್ಟಿಗೆ ಬೈಸ್ಕೊಂಡ್ನಲ್ಲ, ಅದು ಮಾತ್ರ ಇವತ್ತಿಗೂ ಹೊಟ್ಟೆ ಉರಿಸುತ್ತೆ ಕಣ್ರೀ.

೧. ಅಳತೆ

ರಾಜಗೋಪಾಲನಗರದ ನನ್ನ ಅಂಗಡಿಗೆ ವೈಟ್‌ಫೀಲ್ಡಿಂದ ಒಬ್ಬರು ಸಾರ್ ಬಂದ್ರು. ಸಿನಿಮಾ ಹೀರೋಗಳ ಬೊಂಬೆ ಕೂಡಿಡೋರ ಸಂಘಕ್ಕೆ ಅಧ್ಯಕ್ಷರಂತೆ. ಬಿಳಿ ಗ್ಲೌಸ್ ಹಾಕ್ಕೊಂಡು, ಮಗು ಎತ್ಕೊಳ್ಳೋ ಹಾಗೆ ಡಬ್ಬದಿಂದ ಬೊಂಬೆ ತೆಗೆದ್ರು. ಮನುಷ್ಯನ ಆರನೇ ಒಂದು ಭಾಗ ಎತ್ತರ. ಸಿನಿಮಾದಲ್ಲಿದ್ದ ಹಾಗೇ ತೋಳು ಮಡಚಿದ ಖಾಕಿ ಶರ್ಟ್ ಬೇಕು ಅಂದ್ರು. ಸಂಘದ ಜಡ್ಜುಗಳು ಪಾಸ್ ಮಾಡಿದ್ರೆ ಇನ್ನೂ ಹನ್ನೆರಡು ಬೊಂಬೆಗಳ ಬಟ್ಟೆ ನನಗೇ. ಫೇಲಾದ್ರೆ ಮತ್ತೆ ಜಿಪ್ ಬದಲಾಯಿಸ್ಕೊಂಡು, ಪ್ಯಾಂಟಿನ ಕಾಲು ಕತ್ತರಿಸ್ಕೊಂಡು ಕೂರ್ಬೇಕು.

ಪೀಣ್ಯದ ಗಾರ್ಮೆಂಟ್ಸಲ್ಲಿ ಹದಿನಾಲ್ಕು ವರ್ಷ ಚೆಕ್ಕರ್ ಆಗಿದ್ದೋಳು ನಾನು. ನಾನು ಪಾಸ್ ಮಾಡಿದ ಶರ್ಟ್ ಒಂದೂ ವಾಪಸ್ ಬಂದಿಲ್ಲ. ಈಗ ನನ್ನ ಕೆಲಸಾನ ಇವರು ಪಾಸ್ ಮಾಡ್ಬೇಕಂತೆ!

ಬೊಂಬೆಯ ಬಲಗೈ ಮೇಲೊಂದು ಚೇಳಿನ ಹಚ್ಚೆ ಇತ್ತು. "ಕಂಪನಿಯವರು ಎಡಗೈಗೆ ಹಾಕಿದ್ರು, ಬುದ್ಧಿ ಇಲ್ದೋರು. ನಾನೇ ಅಳಿಸಿ, ಪೋಸ್ಟರ್ ನೋಡ್ಕೊಂಡು ಬಲಗೈಗೆ ಬರೆದೆ" ಅಂದ್ರು. ಆಮೇಲೆ ತಮ್ಮ ಶರ್ಟಿನ ಬಲತೋಳು ಮೇಲಕ್ಕೆ ಮಡಚಿದ್ರು. ಅಲ್ಲೂ ಅದೇ ಚೇಳು! "ನಮ್ಮಲ್ಲಿ ಎಲ್ಲಾ ಅಕ್ಯುರೇಟ್ ಆಗಿರ್ಬೇಕು ಮೇಡಂ. ದಾರಾನೂ ಆರನೇ ಒಂದು ಭಾಗ, ಹೊಲಿಗೇನೂ ಆರನೇ ಒಂದು ಭಾಗ..."

ತಡ್ಕೊಂಡೆ, ತಡ್ಕೊಂಡೆ, ಆಗ್ಲಿಲ್ಲ. "ಸಾರ್, ನನ್ನನ್ನೂ ಆರನೇ ಒಂದು ಭಾಗ ಮಾಡ್ಬಿಡಿ, ಬೊಂಬೆ ಪಕ್ಕದಲ್ಲೇ ಕೂತು ಹೊಲೀತೀನಿ" ಅಂದೆ.

ನಗ್ತಾರೇನೋ ಅಂದ್ಕೊಂಡ್ರೆ, ಆ ಮನುಷ್ಯ ಯೋಚನೆ ಮಾಡ್ತಾ ನಿಂತ್ಬಿಟ್ರು.

೨. ಕೊಳೆ

ಕಣ್ಣು ಕಿತ್ತು ಕೈಗೆ ಬರೋ ಹಾಗೆ ಒಂದು ವಾರ ಕೂತು ಹೊಲಿದೆ. ಸಾರ್ ಬಂದ್ರು. ಒಂದು ಮಾತು ಹೊಗಳೋದು ಬೇಡ್ವಾ? ಜೇಬಿಂದ ಬ್ರಷ್ ತೆಗೆದು ಶರ್ಟಿನ ಬೆನ್ನಿಗೆ ಕೆಸರು ಬಳಿಯೋಕೆ ಶುರು ಮಾಡಿದ್ರು! ಅದು ಮೂರನೇ ಫೈಟಲ್ಲಿ ಹತ್ತಿದ ಕೆಸರಂತೆ. ಫೋನಲ್ಲಿ ಫೋಟೋ ನೋಡ್ಕೊಂಡು ಮಧ್ಯಾಹ್ನ ಪೂರ್ತಿ ಬಳಿದು, ತಂತಿ ಮೇಲೆ ಒಣಹಾಕಿ ಹೋದ್ರು.

ನಮ್ಮ ಓನರಮ್ಮ ಇಲ್ಲಿನ ಹಳೇ ಒಕ್ಕಲು ಮನೆತನದೋರು. ಹೊಲ ಹೋಗಿ ಬಾಡಿಗೆ ಮನೆಗಳಾದ್ರೂ ಅವರ ಕೈ ಸುಮ್ನೆ ಕೂರಲ್ಲ. ತಂತಿ ಮೇಲೆ ಅಂಗೈಯಗಲದ ಅಂಗಿ ನೋಡಿದ್ರು. ಯಾವುದೋ ಕೂಸಿನದು ಅಂತ ಸೋಪು ಹಾಕಿ, ಉಜ್ಜಿ, ಹಿಂಡಿ, ಮತ್ತೆ ಒಣಹಾಕಿದ್ರು.

ಮಾರನೇ ಬೆಳಿಗ್ಗೆ ಸಾರ್ ಬಂದು ನೋಡಿ, "ಒಗೆದೋರು ಯಾರು?" ಅಂತ ಕೂಗಾಡಿದ್ರು. ಓನರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ಎದುರಿಗೇ ಬಂದ್ರು.

"ನಲವತ್ತು ವರ್ಸದಿಂದ ಬಟ್ಟೆ ಒಗೀತಾ ಇವ್ನಿ ಕಣಪ್ಪ. ಕೊಳೆ ಓಗಿಲ್ಲ ಅಂತ ಬೈದೋರವ್ರೆ. ಓಯ್ತು ಅಂತ ಬೈದೋನು ನೀನೇ ಮೊದ್ಲು!"

೩. ತೀರ್ಪು

ಮತ್ತೆ ಕೆಸರು ಬಳಿದಿದ್ದಾಯ್ತು. ಭಾನುವಾರ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಲ್ಲಿ ಪರೀಕ್ಷೆ. ಬಿಎಂಟಿಸಿ ಬಸ್ಸಲ್ಲಿ ಎರಡೂವರೆ ಗಂಟೆ ನಿಂತ್ಕೊಂಡು ಹೋದೆ. ಅಧ್ಯಕ್ಷರು ಮಧ್ಯದಲ್ಲಿ, ಅಕ್ಕಪಕ್ಕ ಇನ್ನಿಬ್ಬರು ಜಡ್ಜು. ಒಬ್ಬರ ಕೈಲಿ ಭೂತಗನ್ನಡಿ, ಒಬ್ಬರ ಕೈಲಿ ಟಾರ್ಚು. ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ಲ.

"ಗುಂಡಿ ಪಟ್ಟಿ ಉಲ್ಟಾ. ಜೇಬು ತಪ್ಪು ಕಡೆ. ಫೇಲ್" ಅಂದ್ರು ಅಧ್ಯಕ್ಷರು. ಗೋಡೆ ಮೇಲಿನ ಪೋಸ್ಟರ್ ತೋರಿಸಿ, "ನೋಡಿ, ಜೇಬು ಹೀರೋನ ಬಲಗಡೆ ಇದೆ. ಬೇಸಿಕ್ಕೇ ಗೊತ್ತಿಲ್ವಲ್ಲ ಮೇಡಂ ನಿಮಗೆ" ಅಂತ ಎಲ್ಲರ ಮುಂದೆ ಅಂದ್ರು.

ನನಗೆ ಮೈಯೆಲ್ಲ ಉರಿದುಹೋಯ್ತು. "ಬೇಸಿಕ್ಕಾ? ಗಂಡಸರ ಶರ್ಟಿಗೆ ಎಡಗಡೆ ಪಟ್ಟಿ ಮೇಲೆ ಬರುತ್ತೆ, ಜೇಬೂ ಎಡಗಡೆ. ಆ ಪೋಸ್ಟರ್ ಏನಾದ್ರೂ ಹೇಳ್ಲಿ, ನಾನು ಗಂಡಸಿಗೆ ಗಂಡಸಿನ ಶರ್ಟೇ ಹೊಲ್ದಿದೀನಿ. ಸಿನಿಮಾ ಹಾಕ್ರೀ, ನೋಡೇ ಬಿಡೋಣ!"

ದೊಡ್ಡ ಟೀವಿಲಿ ಮೂರನೇ ಫೈಟ್ ಹಾಕಿದ್ರು. ಹೀರೋನ ಜೇಬು ಎಡಗಡೆ. ಪಟ್ಟಿ ನಾನು ಹೊಲಿದ ಹಾಗೇ ಇದೆ. ಟಾರ್ಚಿನವರು ಎದ್ದು ಹೋಗಿ ಪೋಸ್ಟರಿಗೆ ಮೂಗು ತಾಗಿಸಿ ನೋಡಿದ್ರು. "ಸಾರ್, ಹಿಂದಿರೋ ಲಾರಿಯ ನಂಬರ್ ಪ್ಲೇಟ್ ಕನ್ನಡಿಲಿ ನೋಡ್ದಂಗಿದೆ. ಚಿತ್ರಾನ ತಿರುಗಿಸಿ ಪ್ರಿಂಟ್ ಹಾಕ್ಬಿಟ್ಟಿದಾರೆ" ಅಂದ್ರು.

ಅಷ್ಟರಲ್ಲಿ ಟೀವಿಲಿ ಹೀರೋ ವಿಲನ್ನಿಗೆ ಬಾರಿಸೋಕೆ ಎಡಗೈ ಎತ್ತಿದ. ಎಡಗೈ ಮೇಲೆ ಚೇಳು.

ಎಲ್ಲರೂ ಅಧ್ಯಕ್ಷರ ಬಲಗೈ ನೋಡಿದ್ರು. ಅವರು ಮೆಲ್ಲಗೆ ಶರ್ಟಿನ ತೋಳು ಕೆಳಗಿಳಿಸಿ ಚೇಳು ಮುಚ್ಕೊಂಡ್ರು. ಸಿನಿಮಾ ಇಪ್ಪತ್ತು ಸಲ ನೋಡಿದ್ರಂತೆ, ಇಪ್ಪತ್ತು ಸಲಾನೂ ಹೀರೋನ ಮುಖಾನೇ ನೋಡಿದ್ರಂತೆ.

ಉಳಿದಿಬ್ಬರು ಜಡ್ಜುಗಳು ಹನ್ನೆರಡು ಬೊಂಬೇನೂ ತಂದು ನನ್ನ ಮುಂದಿಟ್ರು. ಅಧ್ಯಕ್ಷರು ಮಾತ್ರ ತೋಳು ಉಜ್ಕೊಳ್ತಾ, "ಇದಕ್ಕೇನು ಮಾಡೋದು ಮೇಡಂ?" ಅಂದ್ರು.

ಹದಿನಾಲ್ಕು ವರ್ಷದ ಅಭ್ಯಾಸ ನೋಡಿ, ಬಾಯಿಗೆ ಬಂದೇ ಬಿಡ್ತು. "ಶರ್ಟ್ ಪಾಸ್ ಸಾರ್. ರಿಜೆಕ್ಟ್ ಪೀಸ್ ನೀವೇ. ಆಲ್ಟರೇಷನ್ನೂ ಆಗಲ್ಲ."